ಗಿರಿಜಕ್ಕ ಎಳೆದ ಜಿಪ್ಪು

"ಗಿರಿಜಕ್ಕ, ನಿಮಗೆ ಫೋಮಿನದ್ದೇ ಸಾಕು" ಎಂದುಬಿಟ್ಟೆ ಮಾರಾಯ್ರೆ, ಇವತ್ತು ಬೈಂದೂರಿನ ಹಾಸಿಗೆ ಅಂಗಡಿಯಲ್ಲಿ, ಅಷ್ಟು ಜನರ ಮುಂದೆ.

ಗಿರಿಜಕ್ಕ ಎಂದರೆ ದಿನವೂ ನಮ್ಮ ಗೇಟಿನಲ್ಲಿ ಮೀನಿನ ಬುಟ್ಟಿ ಇಳಿಸುವವರು. ಬಾಣಂತಿ ಮಗಳಿಗೆ ಹಾಸಿಗೆ ನೋಡಲು ಬಂದಿದ್ದರು. ನಾನೋ, 'ಅಪ್ಪಟ ತೆಂಗಿನ ನಾರು' ಎಂದು ಚೀಟಿ ಹಚ್ಚಿದ್ದ ಹಾಸಿಗೆಯ ಮೇಲೆ ಮಲಗಿಕೊಂಡು, ಸೊಂಟನೋವಿಗೆ ನಾರೇ ಮದ್ದು ಎಂದು ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಇಷ್ಟು ದುಬಾರಿಯದ್ದು ಇವರಿಗೇಕೆ ಎಂದುಕೊಂಡೇ ಆ ಮಾತು ಆಡಿದ್ದು.

ಗಿರಿಜಕ್ಕ ಸಿಟ್ಟಾಗಲಿಲ್ಲ. ಹತ್ತಿರ ಬಂದು ನನ್ನ ಹಾಸಿಗೆಗೆ ಹೆಬ್ಬೆರಳು ಒತ್ತಿದರು. ಆಮೇಲೆ ಮೂಲೆಯ ಜಿಪ್ಪನ್ನು ಸರ್ರನೆ ಎಳೆದರು. ಮೇಲೊಂದು ಬೆರಳು ದಪ್ಪ ನಾರು, ಒಳಗೆಲ್ಲ ಹಳದಿ ಫೋಮು! ಅಂಗಡಿಯವರು ಫ್ಯಾನ್ ನೋಡತೊಡಗಿದರು.

"ಹ್ವಾಯ್ ಮಾಷ್ಟ್ರೇ, ದಿನಾ ನನ್ ಬಂಗ್ಡೆ ಕಿವಿ ಎತ್ತಿ ಕಾಂತ್ರಿ, ಹೊಟ್ಟಿ ಒತ್ತಿ ಕಾಂತ್ರಿ. ನಿಮ್ ಬೆನ್ನಿಗೆ ತಕಂಬ ಹಾಸ್ಗಿಗೆ ಬರೀ ಚೀಟಿ ಸಾಕಾ?"

ಅಂಗಡಿ ತುಂಬ ನಗು. ಕೊನೆಗೆ ಗಿರಿಜಕ್ಕನೇ ಒಳಗಿನಿಂದ ನಿಜವಾದ ನಾರಿನ ಹಾಸಿಗೆಗಳನ್ನು ತರಿಸಿ, ಜಿಪ್ಪು ಎಳೆದು ನೋಡಿ, ಮಗಳಿಗೊಂದು ಆರಿಸಿಕೊಂಡರು. "ಮಾಷ್ಟ್ರಿಗೂ ಇದನ್ನೇ ಕೊಡಿ" ಎಂದು ನನಗೂ ಒಂದು ಆರಿಸಿಕೊಟ್ಟರು.

ಈಗ ಅದರ ಮೇಲೆಯೇ ಕುಳಿತು ಬರೆಯುತ್ತಿದ್ದೇನೆ. ಬೆನ್ನಿಗೇನೋ ಹಿತವಾಗಿದೆ, ತಲೆ ಎತ್ತಲು ಆಗುತ್ತಿಲ್ಲ. ನಾಳೆ ಬೆಳಿಗ್ಗೆ ಗೇಟಿನಲ್ಲಿ ಬುಟ್ಟಿ ಇಳಿದಾಗ, ಮೀನು ಒತ್ತಿ ನೋಡುವ ಈ ಬೆರಳನ್ನು ಎಲ್ಲಿಟ್ಟುಕೊಳ್ಳಲಿ, ನೀವೇ ಹೇಳಿ.