ಉಡಿದಾರದ ಕೀಲಿಕೈ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಬನಹಟ್ಟಿಯ ನಮ್ಮ ನೇಕಾರರ ಸಂಘದ ಕಚೇರಿ. ಹಾಜರಿದ್ದವರು: ಸಂಘದ ವೆಬ್‌ಸೈಟ್ ಕಟ್ಟಿದ ನನ್ನ ಸೊಸೆ ಗಿರಿಜಾ, ಸೀರೆ ನೇಯುವ ಕಲಾವತಿ, ಮಾಜಿ ಕಾರ್ಯದರ್ಶಿಯಾದ ನಾನು. ಐದು ನಿಮಿಷ ತಡ ಮಾಡಿದವಳು ಗಿರಿಜಾ, ಬರೆದಿಟ್ಟಿದ್ದೇನೆ.

ಸಂಶಯ ನನಗೆ ಹಲ್ಲುಜ್ಜಿದಷ್ಟೇ ನಿತ್ಯದ ಕೆಲಸ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ. ಓಣಿಯ ತಿರುವಿನಿಂದ ಮರಳಿ ಬಂದು ನಾಲ್ಕನೆಯ ಸಲ. ಮೊದಲು ನೇಕಾರರ ಸೆರಗಿನ ನಕ್ಷೆಗಳು ಸಂಘದ ಕಬ್ಬಿಣದ ಕಪಾಟಿನಲ್ಲಿರುತ್ತಿದ್ದವು. ಹೊಸವು ಈಗ ವೆಬ್‌ಸೈಟಿನಲ್ಲಿವೆ. "ಭದ್ರ ಐತ್ರಿ ಮಾವಾರ" ಎಂದಿದ್ದಳು ಗಿರಿಜಾ. ಭದ್ರ ಎಂದವರನ್ನೇ ನಾನು ಮೊದಲು ಪರೀಕ್ಷಿಸುವುದು. ಭಾನುವಾರ ನನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ನಾನೇ ಹಾಕಿದ್ದ ಒಂದು ನಕ್ಷೆಯ ವೆಬ್ ವಿಳಾಸದ ಕೊನೆಗಿದ್ದ ನಲವತ್ತೊಂದನ್ನು ಅಳಿಸಿ ನಲವತ್ತೆರಡು ಬರೆದೆ. ಕಲಾವತಿ ದಸರೆಗೆಂದು ಗಂಡನಿಗೂ ತೋರಿಸದೆ ಇಟ್ಟಿದ್ದ ಸೆರಗು ತೆರೆಯ ತುಂಬ ಹರಡಿಕೊಂಡಿತು! ಸೋಮವಾರದ ಸಭೆ ಅದಕ್ಕೇ.

"ಎರಡು ತಿಂಗಳ ಕಣ್ಣ ಕೆಂಪ ಮಾಡ್ಕೊಂಡು ತೆಗದೀನ್ರಿ ಕಾಕಾ. ಬ್ಯಾರೆ ಮಗ್ಗದಾಗ ಮೊದ್ಲ ಇಳದ್ರ, ನಾನ ಕದ್ದೀನಿ ಅಂತಾರ" ಎಂದಳು ಕಲಾವತಿ.

ಗಿರಿಜಾಳ ಮುಖ ಸಣ್ಣದಾಯಿತು. ಆಕೆ ಕಾವಲು ಇಟ್ಟದ್ದು ತಲಬಾಗಿಲಿಗೆ ಮಾತ್ರ. ಒಳಗಿನ ಕೋಣೆಗಳಿಗೆ, ಅಂದರೆ ಒಬ್ಬೊಬ್ಬರ ನಕ್ಷೆಗಳಿಗೆ, ಅಗಳಿಯೇ ಇರಲಿಲ್ಲ. ಹನ್ನೆರಡರೊಳಗೆ ಸರಿಮಾಡಿದಳು. ಈಗ ಒಳಹೊಕ್ಕವರಿಗೆ ಒಂದು ಟೋಕನ್ ಸಿಗುತ್ತದೆ. ಇವರು ಯಾರು, ಎಷ್ಟು ಹೊತ್ತಿನವರೆಗೆ ಎಂದು ಅದರಲ್ಲಿ ಬರೆದು ಮುದ್ರೆ ಒತ್ತಿರುತ್ತದೆ. ಪ್ರತಿ ಕೋಣೆಯ ಬಾಗಿಲೂ ಪ್ರತಿ ಸಲವೂ ಅದನ್ನು ಕೇಳುತ್ತದೆ. ಕೋಣೆ ಇವರದೇ ಎಂದು ಖಾತ್ರಿಯಾದರೆ ಮಾತ್ರ ತೆರೆಯುತ್ತದೆ. ಮುಧೋಳದ ನಾಯಿಯೂ ಒಮ್ಮೆ ಗುರುತಾದವರಿಗೆ ಬಾಲ ಅಲ್ಲಾಡಿಸುತ್ತದೆ. ಈ ಬಾಗಿಲಿಗೆ ಆ ದಾಕ್ಷಿಣ್ಯವೂ ಇಲ್ಲ. ನನಗೆ ಹಿಡಿಸಿತು. ಮತ್ತೆ ನಲವತ್ತೆರಡು ಬರೆದೆ. 'ಅನುಮತಿ ಇಲ್ಲ' ಎಂದಿತು.

ಆದರೂ ದಾಖಲೆಯಲ್ಲಿಲ್ಲದ್ದನ್ನು ನಂಬಲಾರೆ. ನನ್ನ ಟೋಕನ್ ತೆರೆಯ ಮೇಲೆ ತರಿಸಿ ವಹಿಗೆ ಇಳಿಸತೊಡಗಿದೆ. ಅಕ್ಷರ, ಅಂಕಿ, ಅಡ್ಡಗೆರೆ. ತಲೆಬುಡವಿಲ್ಲದ ಐದು ಸಾಲು. ಎರಡು ಸಲ ತಾಳೆ ನೋಡಿ ಕೆಳಗೆ ಸಹಿ ಹಾಕುವಷ್ಟರಲ್ಲಿ ಗಿರಿಜಾ ನಕ್ಕಳು.

"ಆತ್ರಿ ಮಾವಾರ, ಸತ್ತು ಹೋತು ಅದು. ಹದಿನೈದ ನಿಮಿಷ ಅಷ್ಟ ಅದರ ಆಯುಷ್ಯ."

"ಸಂಘದಾಗ ಜಲ್ಮ ಸವೆಸಿದಾಂವಗೂ ಹದಿನೈದ ನಿಮಿಷನ?"

"ಹೂನ್ರಿ. ಯಾರರ ಕದ್ರ ಭಾಳ ಹೊತ್ತ ನಡೀಬಾರ್ದಲ್ರಿ."

ಕಲಾವತಿ ಸೆರಗು ಬಾಯಿಗೆ ಒತ್ತಿಕೊಂಡಳು. "ಮತ್ತ ನಮ್ಮ ಹಳೀ ನಕ್ಷೆ ಅದಾವಲ್ರಿ ಕಾಕಾ, ಆ ಕಪಾಟಿನ ಚಾವಿ ಯಾರ ಕಡೆ ಐತ್ರಿ?"

ನನ್ನ ಕೈ ತಾನಾಗಿ ಉಡಿದಾರಕ್ಕೆ ಹೋಯಿತು. ನಿವೃತ್ತನಾಗಿ ಒಂಬತ್ತು ವರ್ಷ. ಯಾರೂ ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಊರನ್ನೆಲ್ಲ ಸಂಶಯಿಸಿದವನು ತನ್ನ ಸೊಂಟವನ್ನು ಮಾತ್ರ ತಡವಿ ನೋಡಿರಲಿಲ್ಲ.

ಒಂದು ಗಂಟೆಗೆ ಕೀಲಿಕೈಯನ್ನು ಈಗಿನ ಕಾರ್ಯದರ್ಶಿಗೆ ಒಪ್ಪಿಸಿ, ವಹಿಯಲ್ಲಿ ಸಹಿ ಪಡೆದೆ. ಆಮೇಲೆ ಕಪಾಟನ್ನು ಮೂರು ಸಲ ಜಗ್ಗಿದೆ. ನನಗೆ ತೆರೆಯಲಿಲ್ಲ. ದಿನದ ಕೆಲಸ ಮುಗಿಯಿತು.