ಮಳೆ ಪುಸ್ತಕ ಬಿಟ್ಟು ಹಿಮ ನೋಡಲು ಹೋದದ್ದು

ನಾದಿನಿಗೆ ಹಿಮ ನೋಡಬೇಕಿತ್ತು. ನನಗೆ ಬೇಕಿರಲಿಲ್ಲ. ಆದರೆ ಅವಳಿಗೆ ಒಬ್ಬಳೇ ಹೋಗಲು ಹೆದರಿಕೆ, ಮಂಡಿ ಎರಡೂ ಹೋಗುತ್ತಾ ಬಂದಿದ್ದವು. ಹಾಗಾಗಿ ಇಬ್ಬರೂ ಮೂಡಿಗೆರೆಯಲ್ಲಿ ಪ್ರವಾಸಕ್ಕೆ ಕರೆದುಕೊಂಡು ಹೋಗುವವನ ಅಂಗಡಿಗೆ ಹೋದೆವು.

"ನಮ್ಮ ದೇಶ ದೊಡ್ಡದು ಅಮ್ಮಾ. ಒಂದು ಕಡೆ ಸುಡ್ತಿರ್ತದೆ, ಇನ್ನೊಂದು ಕಡೆ ಹೆಪ್ಪುಗಟ್ಟಿರ್ತದೆ. ನಿಮಗೆ ಯಾವ ತಿಂಗಳು ಆಗ್ತದೆ ಹೇಳಿ," ಎಂದ.

ಮನಾಲಿಗೆ ಏಪ್ರಿಲ್ ಒಳ್ಳೆಯದು, ಹಿಮವೂ ಇರುತ್ತದೆ, ಚಳಿಯೂ ಕಡಿಮೆ ಎಂದ. ಏಪ್ರಿಲಲ್ಲಿ ಕಾಫಿ ಗಿಡಕ್ಕೆ ಹೂ ಅರಳಿಸುವ ಹೂಮಳೆ ಬರುತ್ತದೆ, ಆಗುವುದಿಲ್ಲ ಎಂದೆ. ಮೇ ತಿಂಗಳು? ಗುಡುಗು ಮಳೆ. ಅಕ್ಟೋಬರಿನಲ್ಲಿ ಅಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ ಎಂದ. ಇಲ್ಲಿ ಇನ್ನೂ ತೊಳೆಯುತ್ತಲೇ ಇರುತ್ತದೆ ಎಂದೆ. ಜೂನ್, ಜುಲೈ ಹೆಸರನ್ನು ಅವನೇ ಎತ್ತಲಿಲ್ಲ.

"ಮಳೆ ಬಂದ್ರೆ ನಿಮಗೇನಮ್ಮ? ನೀವೇನು ಹಿಡ್ಕೊಂಡು ನಿಲ್ತೀರಾ?"

"ಹೌದು. ಅದೇ ನನ್ನ ಕೆಲಸ," ಎಂದೆ.

ನಮ್ಮ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ಗಂಡ ಸತ್ತ ಮಾರನೆಯ ದಿನದಿಂದ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆ ಗಾಜಿಗೆ ಸುರಿದು, ಎಷ್ಟು ಇಂಚು, ಇಂಚಿನ ನೂರು ಪಾಲಿನಲ್ಲಿ ಎಷ್ಟು ಸೆಂಟ್ಸು ಎಂದು ಪುಸ್ತಕದಲ್ಲಿ ಬರೆಯುತ್ತಿರುವವಳು ನಾನು. ಓದಿದ್ದು ಎರಡನೇ ಕ್ಲಾಸು. ಅಂಕಿ ಬರುತ್ತದೆ, ಅಷ್ಟು ಸಾಕು. ಜ್ವರ ಬಂದ ದಿನವೂ ತಪ್ಪಿಸಿಲ್ಲ. ಹೂಮಳೆ ಎಷ್ಟು ಬಿತ್ತು ಎಂದು ಸುತ್ತಲಿನ ತೋಟದವರಿಗೆ ವಾದ ಹತ್ತಿದರೆ ನಮ್ಮ ಮನೆಗೇ ಫೋನು. ದೊಡ್ಡ ಎಸ್ಟೇಟಿನ ಸಾಹುಕಾರರೂ ಮಾಡುತ್ತಾರೆ. ಗಂಡ ಬದುಕಿದ್ದಾಗ ನನ್ನ ಮಾತನ್ನು ನಾಯಿಯೂ ಕೇಳುತ್ತಿರಲಿಲ್ಲ.

"ಸೊಸೆ ಬರೀತಾಳಲ್ಲ ಅತ್ತಿಗೆ," ಎಂದಳು ನಾದಿನಿ.

ಸೊಸೆ ಡಿಗ್ರಿ ಓದಿದವಳು. ಗಾಜನ್ನು ಮಾರು ದೂರದಿಂದ ನೋಡಿ "ಒಂದು ಇಂಚು ಇರ್ಬೋದು ಅತ್ತೆ" ಎನ್ನುತ್ತಾಳೆ. 'ಇರಬಹುದು' ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ.

ಮನೆಗೆ ಬಂದು ಹಳೆಯ ಪುಟಗಳನ್ನೆಲ್ಲ ತಿರುಗಿಸಿದೆ. ಜನವರಿ ನಡುವಿನಲ್ಲಿ ಯಾವ ವರ್ಷವೂ ಒಂದು ಹನಿ ಬಿದ್ದಿರಲಿಲ್ಲ. ಅರೇಬಿಕಾ ಕಾಫಿಯ ಕುಯ್ಲೂ ಆಗ ಮುಗಿದಿರುತ್ತದೆ. ಪ್ರವಾಸದವನಿಗೆ ಫೋನ್ ಮಾಡಿದೆ.

"ಜನವರಿಯಾ? ಅಮ್ಮಾ, ಮೂಳೆ ಕೊರೆಯೋ ಚಳಿ. ವಯಸ್ಸಾದವರು ಒಬ್ರೂ ಹೋಗಲ್ಲ."

"ಹಾಗಾದ್ರೆ ಜಾಗ ಸಿಗ್ತದೆ. ಬರ್ಕೊ," ಎಂದೆ.

ಪುಸ್ತಕದಲ್ಲಿ ಜಾಗ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಹನ್ನೆರಡು ದಿನಕ್ಕೆ ಹನ್ನೆರಡು ಸೊನ್ನೆ ಮೊದಲೇ ಬರೆದಿಟ್ಟು ಹೊರಟೆ.

ಮನಾಲಿಯಲ್ಲಿ ನಾದಿನಿ ಎರಡು ಕಂಬಳಿ ಹೊದ್ದು ಕೂತು, ಒಂದು ಚಿಟಿಕೆ ಹಿಮ ಬಾಯಿಗೆ ಹಾಕಿಕೊಂಡಳು.

"ನಮ್ಮ ಫ್ರಿಜ್ಜಿನ ಗೋಡೇಲಿ ಕಟ್ಟೋದೇ ಅತ್ತಿಗೆ ಇದು," ಎಂದಳು. ಹಾಗೆಂದವಳು ಅಲ್ಲಿಂದ ಏಳಲಿಲ್ಲ. ನನಗೆ ಕಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೋಟೆಲಿನವನನ್ನು, ಎಷ್ಟು ಇಂಚು ಬಿದ್ದಿದೆ ಎಂದು ಪ್ರವಾಸದವನಿಂದ ಹಿಂದಿಯಲ್ಲಿ ಕೇಳಿಸಿದೆ. ಎರಡು ಅಡಿ ಎಂದನಂತೆ. ಎರಡು ಅಡಿ ಸರಿ, ಅದರ ಮೇಲೆ ಎಷ್ಟು ಇಂಚು ಎಂದರೆ ಭುಜ ಕುಣಿಸಿದ. ಲೆಕ್ಕವಿಲ್ಲದ ಜನ.

ಆಗ ಸೊಸೆಯ ಫೋನು ಬಂತು.

"ಅತ್ತೆ, ನಿನ್ನೆ ಸಂಜೆ ಇಲ್ಲಿ ಮಳೆ. ಕಣದಲ್ಲಿದ್ದ ಕಾಫಿಯೆಲ್ಲ ರಾಶಿ ಹಾಕಿ ಮುಚ್ಚೋದ್ರಲ್ಲಿ ಸಾಕಾಯ್ತು."

"ಎಷ್ಟು ಬಿತ್ತು?"

"ಒಂದು..."

"ಇರ್ಬೋದು ಅನ್ಬೇಡ. ಡಬ್ಬಿ ನೀರನ್ನ ಒಣಗಿದ ಬಾಟ್ಲಿಗೆ ಸುರಿದು ಮುಚ್ಚಳ ಹಾಕಿಡು. ನಾನೇ ಬಂದು ಅಳೀತೀನಿ."

ಉಳಿದ ದಿನ ಏನು ನೋಡಿದೆನೋ ನೆನಪಿಲ್ಲ. ಮನೆಗೆ ಬಂದವಳೇ ಚೀಲ ಇಳಿಸುವ ಮೊದಲು ಬಾಟಲಿ ಕೇಳಿದೆ. ಆರಿಹೋಗದಿರಲಿ ಎಂದು ಸೊಸೆ ಅದನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಕಣದಿಂದ ಬಿಸಿಲಲ್ಲಿ ಬಂದ ಮಗ ಅದನ್ನು ಪೂರ್ತಿ ಕುಡಿದುಬಿಟ್ಟಿದ್ದ.

"ಎಷ್ಟು ಗುಟುಕು ಕುಡಿದೆ?"

"ಮೂರು. ನಾಲ್ಕೂ ಇರ್ಬೋದು."

ಗಂಡ ಹೆಂಡತಿ ಚೆನ್ನಾಗಿ ಹೊಂದಿಕೊಂಡಿದ್ದಾರೆ. ಅದೇ ಬಾಟಲಿಗೆ ನೀರು ತುಂಬಿ ಅವನನ್ನು ಅಂಗಳದಲ್ಲಿ ನಿಲ್ಲಿಸಿ ಅಷ್ಟೇ ಗುಟುಕು ಹಾಕಿಸಿದೆ. ಉಳಿದ ನೀರನ್ನು ಗಾಜಿನಲ್ಲಿ ಅಳೆದು, ಕುಡಿದದ್ದು ಎಷ್ಟು ಎಂದು ಕಳೆದು ನೋಡಿದೆ. ಮೂರು ಸಲಕ್ಕೆ ಮೂರು ಲೆಕ್ಕ ಬಂತು. ನಾಲ್ಕನೇ ಸಲಕ್ಕೆ ಅವನು, "ಅಮ್ಮ, ಹೊಟ್ಟೇಲಿ ಜಾಗ ಇಲ್ಲ," ಎಂದು ಒಳಗೆ ಹೋದ.

ಆ ದಿನದ ಸೊನ್ನೆ ಹೊಡೆದುಹಾಕಿದೆ. ಒಂದೊಂದೇ ಅಕ್ಷರ ಸೊಸೆಯನ್ನು ಕೇಳಿಕೊಂಡು, 'ಊರಲ್ಲಿ ಇರಲಿಲ್ಲ' ಎಂದು ಬರೆದೆ. ಸಾಹುಕಾರರು ಫೋನ್ ಮಾಡಿ, ಆ ಮಳೆ ಎಷ್ಟು ಬಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದ್ರೆ ಇನ್ಯಾರನ್ನು ಕೇಳೋದು ಎಂದು ಫೋನಿಟ್ಟರು.

ಎರಡು ವಾರ ಕಳೆದು ನಾದಿನಿ ಬಂದಳು. ಈ ಸಲ ಮರಳುಗಾಡಂತೆ, ಒಂಟೆಯಂತೆ.

"ಪುಸ್ತಕ ನೋಡಿ ಯಾವ ತಿಂಗಳು ಅಂತ ಹೇಳಿ ಅತ್ತಿಗೆ."

"ಪುಸ್ತಕ ತೂತು ಬಿದ್ದಾಯ್ತು ಮಾರಾಯ್ತಿ," ಎಂದೆ. "ಅಲ್ಲಿ ಯಾವಾಗ ಚೆನ್ನಾಗಿರ್ತದೆ ಅಂತ ಆ ಪ್ರವಾಸದವನನ್ನೇ ಕೇಳು."