ಕಿವಿಯ ಮೇಲಿನ ಜನಿವಾರ

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರು ಈರುಳ್ಳಿಯನ್ನೂ ಮುಟ್ಟದ ಬ್ರಾಹ್ಮಣರು. ಆದರೂ ದಿನಾ ಬೆಳಿಗ್ಗೆ ಹಿತ್ತಿಲಿನಲ್ಲಿ ಮೀನು ಕೊಯ್ಯುತ್ತಿದ್ದರು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಆ ಕಾಲದಲ್ಲಿ ಮೈಸೂರಿನಿಂದ ಇನ್ಸುಲಿನ್ ತರಿಸಿದರೆ, ಅದನ್ನು ಹಸುವಿನಿಂದ ತೆಗೆಯುತ್ತಾರೆಂದು ತಿಳಿದ ಆಕೆ ಸೂಜಿಯನ್ನು ಹತ್ತಿರಕ್ಕೇ ಸೇರಿಸಲಿಲ್ಲ. "ಹಸುವಿನಲ್ಲಿರೋದು ಮೀನಿನಲ್ಲಿ ಯಾಕಿರಬಾರದು?" ಎಂದು ಡಾಕ್ಟರು ಬೇಲಿಯಾಚೆಯಿಂದ ನನ್ನನ್ನು ಕೇಳುತ್ತಲೇ ಇದ್ದರು, ನಾನೇ ಬೇಡವೆಂದು ಅಡ್ಡ ನಿಂತವನಂತೆ.

"ಕರುಳ್ ಮಡೀಕಂಡು ಮೀನ ವಾಪಸ್ ಕೊಡ್ತೀರಲ್ಲ ಬುದ್ಧಿ, ಇದ್ಯಾವ ಸೀಮೆ ಊಟ?" ಎಂದು ಮೀನು ತರುವ ಬೆಸ್ತ ತಲೆ ಕೆರೆದುಕೊಳ್ಳುತ್ತಿದ್ದ.

ಮೀನು ಮುಟ್ಟುವ ಮುನ್ನ ಡಾಕ್ಟರು, ಪಾಯಿಖಾನೆಗೆ ಹೊರಟವರಂತೆ, ಜನಿವಾರವನ್ನು ಬಲಗಿವಿಗೆ ಸುತ್ತಿಕೊಳ್ಳುತ್ತಿದ್ದರು. ಅದು ಕಿವಿಯ ಮೇಲಿರುವಷ್ಟು ಹೊತ್ತು ಮಾತಾಡುವಂತಿಲ್ಲ.

ಒಂದು ದಿನ ಮೀನಿನ ಪಿತ್ತಕೋಶದ ಪಕ್ಕದಲ್ಲಿ, ಅವರು ಹುಡುಕುತ್ತಿದ್ದ ಇನ್ಸುಲಿನ್ನಿನ ಗಂಟು, ಸಾಸಿವೆಯಷ್ಟು ಬೆಳ್ಳಗಿನದು, ಸಿಕ್ಕಿತು. ಅದನ್ನು ಅಲ್ಲೇ ಬಾಳೆಲೆಯ ಮೇಲೆ ಬಿಟ್ಟು, "ಹೂಂ! ಹೂಂ!" ಎನ್ನುತ್ತಾ ಅಡುಗೆಮನೆಯ ಬಾಗಿಲಿಗೆ ಓಡಿದರು. ಕಿವಿಯ ಮೇಲೆ ಜನಿವಾರ, ಮುಖದಲ್ಲಿ ಅವಸರ. ಹೆಂಡತಿ ಥಟ್ಟನೆ ನೀರಿನ ಚೊಂಬನ್ನು ಕೈಗಿಟ್ಟರು. ಅಲ್ಲವೆಂದು ತಲೆಯಾಡಿಸಿದರೆ, ಅದಕ್ಕಿಂತ ದೊಡ್ಡ ಚೊಂಬು ತಂದರು. ನಾನು ಬೇಲಿಯಿಂದ "ಹುಶ್" ಎನ್ನುವಷ್ಟರಲ್ಲಿ ಕಾಗೆಯೊಂದು ಆ ಗಂಟನ್ನು ನುಂಗಿ ಹಾರಿತು.

ಡಾಕ್ಟರು ಅದೇ ನೀರಿನಲ್ಲಿ ಕೈಕಾಲು ತೊಳೆದು, ಜನಿವಾರ ಇಳಿಸಿ, "ಸಿಕ್ಕಿತ್ತು ಕಣೇ" ಎಂದರು.

ಆಕೆ ನಗು ತಡೆಯಲಾರದೆ, ಮಡಿಯ ಹೆಂಗಸು, ಹೊಸ್ತಿಲ ಮೇಲೇ ಕೂತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ತೋಳು ಚಾಚಿದರು.

"ಹಸುವಿನದನ್ನೇ ಚುಚ್ಚಿ. ನಿಮ್ಮ ಕಿವಿಗಾದರೂ ಬಿಡುವು ಸಿಗಲಿ."